ಪ್ರಶ್ನೆ ನಮ್ಮದಾಗಬೇಕಾದರೆ ಕಾಸೂ ನಮ್ಮದಿರಲಿ

ಕಾಲೇಜು ಹುಡುಗ ಹುಡುಗಿಯರು ಪ್ಯಾರಿಸ್ಸಿನ ವಿಜ್ಞಾನ ಸ್ಪರ್ಧೆಗೆ ಹೋಗುವುದಕ್ಕೆ ನಮ್ಮ ಹಳ್ಳಿಯ ಸಹಕಾರ ಸಂಘ ಏಕೆ ಹಣ ಕೊಡಬೇಕು? ರೈತ ಹೀಗೆ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಈರುಳ್ಳಿ ಬೆಲೆ ಬಿದ್ದಾಗ ಕೇಳುವವರಿಲ್ಲ, ಬಿತ್ತನೆ ಹೊತ್ತಿಗೆ ಗೊಬ್ಬರ ಸಿಗುವುದಿಲ್ಲ, ಕೊಳವೆ ಬಾವಿ ಯಾವಾಗ ಬತ್ತುತ್ತದೋ ಹೇಳಲಾಗದು. ಇಷ್ಟರ ನಡುವೆ ಹುಡುಗರ ಸ್ಪರ್ಧೆಯ ಮಾತು ಕೇಳಿದರೆ ಯಾರಿಗಾದರೂ ಸಿಟ್ಟು ಬರಬಹುದು.

ಆದರೂ ಕೊಡಬೇಕು, ಸ್ವಲ್ಪವೇ ಆದರೂ ಕೊಡಬೇಕು, ಷರತ್ತು ಹಾಕಿ ಕೊಡಬೇಕು ಎಂಬುದು ಈ ಲೇಖನದ ವಾದ. ಕಾರಣ ಸರಳ. ಪ್ರಯೋಗಾಲಯದಲ್ಲಿ ಯಾವ ಪ್ರಶ್ನೆಗೆ ಉತ್ತರ ಹುಡುಕಬೇಕು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವವನು ಹಣ ಕೊಡುವವನು. ಔಷಧಿ ಕಂಪನಿ ಹಣ ಕೊಟ್ಟರೆ ಔಷಧಿಯ ಪ್ರಶ್ನೆ ಮೇಲೆ ಬರುತ್ತದೆ, ನಗರದ ಕಾರ್ಖಾನೆ ಕೊಟ್ಟರೆ ಕಾರ್ಖಾನೆಯ ಪ್ರಶ್ನೆ. ರೈತ ಕೊಡದೇ ಇದ್ದರೆ ರೈತನ ಪ್ರಶ್ನೆಯನ್ನು ಕೇಳುವವರು ಯಾರು?

ಏನಿದು ಸ್ಪರ್ಧೆ?

ಸ್ಪರ್ಧೆಯ ಹೆಸರು ಐಜೆಮ್. ಅಮೆರಿಕದ ಎಂ.ಐ.ಟಿ. ಎಂಬ ಹೆಸರಾಂತ ತಾಂತ್ರಿಕ ಸಂಸ್ಥೆಯಲ್ಲಿ 2003ರ ಜನವರಿಯಲ್ಲಿ ತನ್ನ ವಿದ್ಯಾರ್ಥಿಗಳಿಗಾಗಿ ನಡೆಸಿದ ಒಂದು ಕಿರು ಪಾಠಕ್ರಮದಿಂದ ಇದು ಹುಟ್ಟಿತು. 2004ರ ಬೇಸಿಗೆಯಲ್ಲಿ ಐದು ತಂಡಗಳ ಸ್ಪರ್ಧೆಯಾಯಿತು, 2005ರಲ್ಲಿ ಹದಿಮೂರು ತಂಡ. 2012ರಲ್ಲಿ ಎಂ.ಐ.ಟಿ.ಯಿಂದ ಬೇರೆಯಾಗಿ ಲಾಭದ ಉದ್ದೇಶವಿಲ್ಲದ ಪ್ರತ್ಯೇಕ ಪ್ರತಿಷ್ಠಾನವಾಯಿತು. 2023ರಲ್ಲಿ ಪಾಲ್ಗೊಂಡ ತಂಡಗಳು 400ಕ್ಕೂ ಹೆಚ್ಚು. ಮೊದಲು ಬಾಸ್ಟನ್ ಸೀಮೆಯಲ್ಲಿ ಸೇರುತ್ತಿದ್ದ ಈ ಮೇಳ 2022ರಿಂದ ಪ್ಯಾರಿಸ್ಸಿಗೆ ಬಂದಿದೆ.

ಇಲ್ಲಿ ನಡೆಯುವುದು ಸಂಶ್ಲೇಷಿತ ಜೀವಶಾಸ್ತ್ರದ ಕೆಲಸ. ಹೆಸರು ದೊಡ್ಡದು, ವಿಷಯ ರೈತನಿಗೆ ಅರ್ಥವಾಗದ್ದೇನಲ್ಲ. ಪಂಪ್‌ಸೆಟ್ಟಿನಲ್ಲಿ ಸ್ಟಾರ್ಟರ್ ಇದೆ, ಮೋಟಾರು ಇದೆ, ವಾಲ್ವ್ ಇದೆ. ಒಂದು ಕೆಟ್ಟರೆ ಪೇಟೆಯ ಅಂಗಡಿಯಿಂದ ಅದೇ ಅಳತೆಯ ಇನ್ನೊಂದು ತಂದು ಕೂರಿಸುತ್ತೇವೆ. ಅಳತೆ ಎಲ್ಲೆಡೆ ಒಂದೇ ಇರುವುದರಿಂದ ಇದು ಸಾಧ್ಯ. ಸೂಕ್ಷ್ಮಜೀವಿಯ ವಂಶವಾಹಿಯಲ್ಲೂ ಹಾಗೆಯೇ ಸ್ಟಾರ್ಟರಿನಂತೆ ಕೆಲಸ ಮಾಡುವ ತುಣುಕುಗಳಿವೆ, ಮೋಟಾರಿನಂತೆ ಕೆಲಸ ಮಾಡುವ ತುಣುಕುಗಳಿವೆ. ಅವನ್ನು ಒಂದೇ ಅಳತೆಯ ಬಿಡಿಭಾಗಗಳಂತೆ ಮಾಡಿಟ್ಟುಕೊಂಡು, ಬೇಕಾದಂತೆ ಜೋಡಿಸಿ, ಸೂಕ್ಷ್ಮಜೀವಿಯಿಂದ ಹೊಸ ಕೆಲಸ ಮಾಡಿಸಬಹುದೇ ಎಂದು ನೋಡುವುದೇ ಈ ವಿದ್ಯೆ. ಐಜೆಮ್ ಇಂಥ ಬಿಡಿಭಾಗಗಳ ಒಂದು ಉಗ್ರಾಣವನ್ನೇ ಕಟ್ಟಿದೆ. ತಂಡಗಳು ಅಲ್ಲಿಂದ ತುಣುಕು ಪಡೆಯುತ್ತವೆ, ತಾವು ಮಾಡಿದ ಹೊಸ ತುಣುಕುಗಳ ವಿವರವನ್ನು ಮತ್ತೆ ಅಲ್ಲಿಗೇ ಸೇರಿಸುತ್ತವೆ. ಅದನ್ನು ಯಾರು ಬೇಕಾದರೂ ಓದಬಹುದು.

ತಂಡದಲ್ಲಿ ಹೆಚ್ಚಾಗಿ ಪದವಿ ತರಗತಿಯ ವಿದ್ಯಾರ್ಥಿಗಳಿರುತ್ತಾರೆ, ಹೊಣೆ ಹೊರುವ ಅಧ್ಯಾಪಕರಿರುತ್ತಾರೆ. ವರ್ಷದ ಆರಂಭದಲ್ಲಿ ವಿಷಯ ಆರಿಸಿ, ನಡು ವರ್ಷ ಪ್ರಯೋಗ ಮಾಡಿ, ಅಕ್ಟೋಬರ್ ಹೊತ್ತಿಗೆ ವರದಿ ಮುಗಿಸಿ ಮೇಳದಲ್ಲಿ ಮಂಡಿಸಬೇಕು. ಇಲ್ಲಿ ಕಂಚು, ಬೆಳ್ಳಿ, ಚಿನ್ನದ ಪದಕಗಳು ಓಟದ ಪಂದ್ಯದಂತೆ ಒಬ್ಬೊಬ್ಬರಿಗೆ ಮಾತ್ರ ಸಿಗುವಂಥವಲ್ಲ. ಗೊತ್ತುಪಡಿಸಿದ ಕೆಲಸ ಮುಗಿಸಿದವರಿಗೆಲ್ಲ ಸಿಗುತ್ತವೆ, ಪರೀಕ್ಷೆಯಲ್ಲಿ ದರ್ಜೆ ಬಂದ ಹಾಗೆ. ಆ ಕೆಲಸಗಳಲ್ಲಿ ಒಂದು, ತಮ್ಮ ಸಂಶೋಧನೆಯಿಂದ ಯಾರಿಗೆ ಒಳಿತು, ಯಾರಿಗೆ ಕೆಡುಕು ಎಂದು ಹೊರಗಿನ ಜನರ ಬಳಿ ಹೋಗಿ ಕೇಳಿ, ಅವರ ಮಾತಿನಂತೆ ಕೆಲಸ ತಿದ್ದಿಕೊಳ್ಳುವುದು. ರೈತನಿಗೆ ಬಾಗಿಲು ತೆರೆಯುವುದು ಇಲ್ಲಿಯೇ.

ಯಾರ ಬಾಳೆ, ಯಾರ ಪ್ರಶ್ನೆ?

ಇದುವರೆಗೆ ನಡೆದ ಕೆಲವು ಕೆಲಸ ನೋಡೋಣ. 2006ರಲ್ಲಿ ಎಡಿನ್‌ಬರೋ ತಂಡ ಬಾವಿಯ ನೀರಿನಲ್ಲಿ ಆರ್ಸೆನಿಕ್ ವಿಷವಿದೆಯೇ ಎಂದು ಕಂಡುಹಿಡಿಯುವ ಸೂಕ್ಷ್ಮಜೀವಿಯನ್ನು ರೂಪಿಸಿತು. 2010ರಲ್ಲಿ ಬ್ರಿಸ್ಟಲ್ ತಂಡ ಮಣ್ಣಿನಲ್ಲಿ ನೈಟ್ರೇಟ್ ಎಷ್ಟಿದೆ ಎಂಬುದನ್ನು ಹೊಳೆಯುವ ಬಣ್ಣದಿಂದ ತಿಳಿಸುವ ಸೂಕ್ಷ್ಮಜೀವಿಗಳನ್ನು ಸಣ್ಣ ಮಣಿಗಳೊಳಗೆ ತುಂಬಿತು. ಎಲ್ಲಿ ಗೊಬ್ಬರ ಬೇಕು, ಎಲ್ಲಿ ಬೇಡ ಎಂದು ತಿಳಿಯಲಿ ಎಂಬುದು ಉದ್ದೇಶ. 2011ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಬೇರು ಬೆಳೆಯಲು ಪ್ರಚೋದಿಸಿ ಮಣ್ಣಿನ ಸವಕಳಿ ತಡೆಯುವ ಸೂಕ್ಷ್ಮಜೀವಿಯ ಕೆಲಸ ಹಿಡಿದರು.

2014ರ ಒಂದು ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. ಹಾಲೆಂಡಿನ ವಾಗೆನಿಂಗೆನ್ ಕೃಷಿ ವಿಶ್ವವಿದ್ಯಾನಿಲಯದ ತಂಡ ಬಾಳೆಯ ಪನಾಮ ಸೊರಗು ರೋಗವನ್ನು ಕೈಗೆತ್ತಿಕೊಂಡಿತು. ರೋಗ ತರುವ ಫ್ಯುಸೇರಿಯಂ ಶಿಲೀಂಧ್ರ ಮಣ್ಣಿನಲ್ಲಿ ಒಂದು ಆಮ್ಲ ಬಿಡುತ್ತದೆ. ಆ ಆಮ್ಲದ ಸುಳಿವು ಸಿಕ್ಕಿದಾಗ ಮಾತ್ರ ಶಿಲೀಂಧ್ರನಾಶಕ ಸುರಿಸುವ, ಕೆಲಸ ಮುಗಿದ ಮೇಲೆ ತಾನೇ ಸಾಯುವ ಮಣ್ಣಿನ ಸೂಕ್ಷ್ಮಜೀವಿಯನ್ನು ರೂಪಿಸುವುದು ಅವರ ಯೋಜನೆ.

ಹಾಲೆಂಡಿನ ಹೊಲದಲ್ಲಿ ಬಾಳೆ ಬೆಳೆಯುವುದಿಲ್ಲ. ಆದರೂ ಆ ಹುಡುಗರು ಬಾಳೆಯ ರೋಗ ಹಿಡಿದರು, ಮೆಚ್ಚಬೇಕಾದ್ದೇ. ಆದರೆ ಅವರ ಕಣ್ಣ ಮುಂದೆ ಇದ್ದದ್ದು ಜಗತ್ತಿನ ಮಾರುಕಟ್ಟೆಯ ಕ್ಯಾವೆಂಡಿಶ್ ಬಾಳೆ, ನಂಜನಗೂಡಿನ ರಸಬಾಳೆ ಅಲ್ಲ. ಇದೇ ಸೊರಗು ರೋಗ ನಮ್ಮ ರಸಬಾಳೆಯ ತೋಟಗಳನ್ನು ಹೇಗೆ ಬರಿದು ಮಾಡಿತೆಂಬುದು ಮೈಸೂರು ಸೀಮೆಯವರಿಗೆ ಹೇಳಬೇಕಾಗಿಲ್ಲ. ರಸಬಾಳೆ ನೆನಪಾಗದ್ದು ಹಾಲೆಂಡಿನ ಹುಡುಗರ ತಪ್ಪಲ್ಲ. ಅದನ್ನು ನೆನಪಿಸಬೇಕಾದವರು ನಾವು.

ಗೋಡೆಯ ಆಚೆ ಈಚೆ

ಕರ್ನಾಟಕಕ್ಕೆ ಈ ಸ್ಪರ್ಧೆ ಹೊಸದಲ್ಲ. 2006ರಲ್ಲೇ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ ತಂಡ ಹೋಗಿತ್ತು. ಈ ಕೇಂದ್ರ ಇರುವುದು ಎಲ್ಲಿ? ಹೆಬ್ಬಾಳದ ಆಚೆ, ಕೃಷಿ ವಿಶ್ವವಿದ್ಯಾನಿಲಯದ ಜಿ.ಕೆ.ವಿ.ಕೆ. ಆವರಣದಲ್ಲೇ. ಕೃಷಿಮೇಳಕ್ಕೆ ಹೋದ ಸಾವಿರಾರು ರೈತರು ಅದರ ಪಕ್ಕದಲ್ಲೇ ಹಾದು ಬಂದಿದ್ದಾರೆ. 2009ರಲ್ಲಿ ಬೆಂಗಳೂರಿನ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು ಇನ್ನೊಂದು ಚಂದದ ಕೆಲಸ ಮಾಡಿದರು. ಮೊದಲ ಮಳೆಗೆ ನೆಲದಿಂದ ಏಳುವ ಮಣ್ಣಿನ ವಾಸನೆಗೆ ಮುಖ್ಯ ಕಾರಣ ಜಿಯೋಸ್ಮಿನ್ ಎಂಬ ವಸ್ತು. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ತಯಾರಿಸುತ್ತವೆ. ಆ ವಾಸನೆಯನ್ನು ಪ್ರಯೋಗಾಲಯದ ಸೂಕ್ಷ್ಮಜೀವಿಯಿಂದ ಬರಿಸುವುದು ಅವರ ಯೋಜನೆ. ಜೀವವಿಜ್ಞಾನ ಓದದ ಕಲಾ ವಿದ್ಯಾರ್ಥಿಗಳಿಗೆ ಇದು ಸಾಧ್ಯವಾದರೆ ಕೃಷಿ ಪದವಿ ಓದುವವರಿಗೆ ಏಕೆ ಆಗದು? ಅನಂತರದ ವರ್ಷಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಿಂದಲೂ ಮಣಿಪಾಲದ ತಾಂತ್ರಿಕ ಕಾಲೇಜಿನಿಂದಲೂ ತಂಡಗಳು ಹೋಗಿವೆ.

ಇನ್ನು ಧಾರವಾಡ, ರಾಯಚೂರು, ಶಿವಮೊಗ್ಗ, ಬಾಗಲಕೋಟೆಗಳ ಕಡೆ ನೋಡಬೇಕು. ಅಲ್ಲಿನ ಕೃಷಿ, ತೋಟಗಾರಿಕೆ ವಿಶ್ವವಿದ್ಯಾನಿಲಯಗಳಲ್ಲಿ ಓದುವವರಲ್ಲಿ ಹೊಲ ಗದ್ದೆ ಕಂಡು ಬೆಳೆದವರು ಬೇಕಾದಷ್ಟು ಜನ. ರೋಗ ಬಿದ್ದ ಅಡಿಕೆ ಗೊನೆ ಹೇಗಿರುತ್ತದೆ, ದಾಳಿಂಬೆಗೆ ದುಂಡಾಣು ಅಂಗಮಾರಿ ತಗುಲಿದರೆ ಮನೆಯ ಲೆಕ್ಕ ಹೇಗೆ ತಲೆಕೆಳಗಾಗುತ್ತದೆ ಎಂಬುದು ಅವರಿಗೆ ಪುಸ್ತಕ ನೋಡದೆ ಗೊತ್ತು. ಬುದ್ಧಿ ಅವರಲ್ಲಿ ಕಡಿಮೆಯಿಲ್ಲ. ಕಡಿಮೆಯಿರುವುದು ಹಣ ಮತ್ತು ಧೈರ್ಯ, ಹಣ ಬಂದರೆ ಧೈರ್ಯ ತಾನೇ ಬರುತ್ತದೆ.

ಸಣ್ಣ ಊರಿನವರು ಗೆಲ್ಲಲಾರರು ಎಂಬುದೂ ಸುಳ್ಳು. ಯೂರೋಪಿನ ಸ್ಲೊವೇನಿಯ ಇಪ್ಪತ್ತು ಲಕ್ಷ ಜನರ ದೇಶ. 2011ರ ಜನಗಣತಿಯಲ್ಲಿ ನಮ್ಮ ಬೆಳಗಾವಿ ಜಿಲ್ಲೆಯೊಂದರ ಜನಸಂಖ್ಯೆಯೇ 47 ಲಕ್ಷ ದಾಟಿತ್ತು. ಆ ಪುಟ್ಟ ದೇಶದ ತಂಡ 2006, 2008 ಮತ್ತು 2010ರಲ್ಲಿ, ಮೂರು ಸಲ, ಎಲ್ಲಕ್ಕಿಂತ ಮೇಲಿನ ಬಹುಮಾನ ಗೆದ್ದಿತು.

ಖರ್ಚಿನ ಲೆಕ್ಕ

ಈಗ ಕಾಸಿನ ಮಾತಿಗೆ ಬರೋಣ. ಇತ್ತೀಚಿನ ವರ್ಷಗಳಲ್ಲಿ ತಂಡದ ಪ್ರವೇಶ ಶುಲ್ಕವೇ 5,000 ಡಾಲರಿಗೂ ಮೇಲೆ. ಡಾಲರಿಗೆ 85 ರೂಪಾಯಿ ಹಿಡಿದರೂ 5,000 ಡಾಲರಿಗೆ 4 ಲಕ್ಷ 25 ಸಾವಿರ ರೂಪಾಯಿ. ಹಳ್ಳಿ ಕಡೆಯ ಕಾಲೇಜಿನ ತಂಡ ಇಲ್ಲೇ ಮುಗ್ಗರಿಸುತ್ತದೆ. ಇದರ ಮೇಲೆ ಮೇಳಕ್ಕೆ ಹೋಗುವ ಒಬ್ಬೊಬ್ಬರಿಗೂ ಬೇರೆ ಶುಲ್ಕ, ವೀಸಾ, ವಿಮಾನ, ವಸತಿ.

ತಂಡದಲ್ಲಿ ಹನ್ನೆರಡು ಜನ, ತಲೆಗೆ ಒಂದೂವರೆ ಲಕ್ಷವೆಂದು ಅಂದಾಜು ಮಾಡಿದರೆ ಪ್ರಯಾಣಕ್ಕೇ 18 ಲಕ್ಷ. ಪ್ರಯೋಗದ ಸಾಮಾನಿಗೆ 4 ಲಕ್ಷ ಇಟ್ಟುಕೊಂಡರೆ, ಕೆಲಸಕ್ಕಿಂತ ವಿಮಾನಕ್ಕೆ ನಾಲ್ಕು ಪಟ್ಟಿಗೂ ಹೆಚ್ಚು ಹಣ ಹೋಯಿತು. ರೈತನ ದುಡ್ಡಿನಲ್ಲಿ ಇದು ಸಲ್ಲದು. ಮೂವರು ವಿದ್ಯಾರ್ಥಿಗಳು, ಒಬ್ಬರು ಅಧ್ಯಾಪಕರು ಹೋಗಲಿ. ಆಗ ಪ್ರಯಾಣ 6 ಲಕ್ಷಕ್ಕೆ ಮುಗಿಯುತ್ತದೆ. ಶುಲ್ಕ, ಸಾಮಾನು ಎಲ್ಲ ಸೇರಿ 15 ಲಕ್ಷದೊಳಗೆ ತಂಡ ನಿಲ್ಲಿಸಬಹುದು. ಸಾಂಕ್ರಾಮಿಕದ ಕಾಲದಲ್ಲಿ, 2020 ಮತ್ತು 2021ರಲ್ಲಿ, ಮೇಳವೇ ದೂರಸಂಪರ್ಕದ ಮೂಲಕ ನಡೆಯಿತು, ಯಾರೂ ವಿಮಾನ ಹತ್ತಲಿಲ್ಲ. ಕಲಿಕೆ ಇರುವುದು ಪ್ರಯೋಗಾಲಯದಲ್ಲಿ, ವಿಮಾನದಲ್ಲಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕೆಲವು ಖರ್ಚು ಇಳಿಸಲೂ ಬಹುದು. ವಂಶವಾಹಿಯ ತುಣುಕು ತಯಾರಿಸುವ ಕಂಪನಿಗಳು ಸ್ಪರ್ಧೆಯ ತಂಡಗಳಿಗೆ ಒಂದಷ್ಟು ತುಣುಕನ್ನು ಬಿಟ್ಟಿ ಕೊಡುತ್ತ ಬಂದಿವೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಹಿಂದೆ ಆಯ್ದ ಕೆಲವು ತಂಡಗಳಿಗೆ ನೆರವು ನೀಡಿದ್ದುಂಟು. ಪ್ರಯೋಗಾಲಯ, ಕರೆಂಟು, ಅಧ್ಯಾಪಕರ ಸಮಯ ವಿಶ್ವವಿದ್ಯಾನಿಲಯದ್ದು.

ಹನಿ ಕೂಡಿದರೆ ಹಳ್ಳ

ಉಳಿದ ಹಣ ಎಲ್ಲಿಂದ? 2013ರ ಕಂಪನಿ ಕಾಯಿದೆಯಂತೆ ದೊಡ್ಡ ಕಂಪನಿಗಳು ಲಾಭದ ಶೇಕಡ 2ನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಅದನ್ನು ಕೇಳುವುದು ತಪ್ಪಲ್ಲ. ಆದರೆ ಪೂರ್ತಿ ಹಣ ಅಲ್ಲಿಂದಲೇ ಬಂದರೆ ವಿಷಯವೂ ಅಲ್ಲಿಂದಲೇ ಬರುತ್ತದೆ. ಕೀಟನಾಶಕ ಮಾರುವವನ ಹೆಸರನ್ನು ಅಂಗಿಯ ಬೆನ್ನ ಮೇಲೆ ಬರೆಸಿಕೊಂಡ ಹುಡುಗ, ಕೀಟನಾಶಕವೇ ಬೇಡವಾಗುವ ದಾರಿಯನ್ನು ಎಷ್ಟು ಧೈರ್ಯವಾಗಿ ಹುಡುಕಿಯಾನು?

ನಮ್ಮ ಬಳಿ ಬೇರೆ ದಾರಿ ಇದೆ, ಅದು ಹಳೆಯ ದಾರಿಯೇ. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳುತನದಲ್ಲಿ ಸಹಕಾರ ಸಂಘ ಹುಟ್ಟಿದಾಗ ಊರಿನವರ ಕೈಯಲ್ಲಿ ದೊಡ್ಡ ಗಂಟೇನೂ ಇರಲಿಲ್ಲ. 1973ರಲ್ಲಿ ಅಡಿಕೆ ಬೆಳೆಗಾರರು ಕ್ಯಾಂಪ್ಕೋ ಕಟ್ಟಿದ್ದು ಮಾರುಕಟ್ಟೆಯಲ್ಲಿ ತಮ್ಮ ಮಾತು ನಡೆಯಬೇಕೆಂದು. ಪ್ರಯೋಗಾಲಯದಲ್ಲೂ ನಮ್ಮ ಮಾತು ನಡೆಯಬೇಕಾದರೆ ಅದೇ ಉಪಾಯ. ರಾಜ್ಯದಲ್ಲಿ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳೇ ಐದು ಸಾವಿರಕ್ಕೂ ಹೆಚ್ಚಿವೆ. ಹಾಲಿನ ಸಂಘಗಳು, ಮಾರಾಟ ಸಂಘಗಳು ಬೇರೆ. ಇವುಗಳಲ್ಲಿ ಲಾಭದಲ್ಲಿರುವ 400 ಸಂಘಗಳು ತಲಾ 2,500 ರೂಪಾಯಿ ಕೊಟ್ಟರೆ 10 ಲಕ್ಷವಾಯಿತು. ಮಿಕ್ಕ 5 ಲಕ್ಷವನ್ನು ಕಾಲೇಜಿನ ಹಳೆಯ ವಿದ್ಯಾರ್ಥಿಗಳು, ಇಲಾಖೆ, ಬೇಕಿದ್ದರೆ ಕಂಪನಿಗಳು ಕೊಡಲಿ. ದೊಡ್ಡ ಪಾಲು ರೈತರ ಸಂಘಗಳದ್ದೇ ಆಗಿರಲಿ.

ಒಂದು ಮಾತು ಸ್ಪಷ್ಟವಾಗಿರಲಿ. ಸಾಲದಲ್ಲಿರುವ ರೈತನ ಜೇಬಿನಿಂದ ವಂತಿಗೆ ಎತ್ತಬೇಕೆಂದು ಯಾರೂ ಹೇಳುತ್ತಿಲ್ಲ. ನಷ್ಟದಲ್ಲಿರುವ ಸಂಘ ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲ. ಲಾಭವಿರುವ ಸಂಘ, ನಿಯಮ ಒಪ್ಪುವಷ್ಟನ್ನು, ಮಹಾಸಭೆಯಲ್ಲಿ ಸದಸ್ಯರ ಒಪ್ಪಿಗೆ ಪಡೆದು ಕೊಡಲಿ.

ಕೊಡುವ ಮುನ್ನ ಷರತ್ತು

ಬಿಟ್ಟಿಯಾಗಿ ಕೊಡುವುದು ಬೇಡ. ಐದು ಷರತ್ತು ಹಾಕೋಣ.

ಮೊದಲನೆಯದು, ವಿಷಯ ಆರಿಸುವ ಮೊದಲು ತಂಡ ಹಳ್ಳಿಗೆ ಬರಬೇಕು. ಹಣ ಕೊಟ್ಟ ಸಂಘಗಳ ಪೈಕಿ ಕಡೇಪಕ್ಷ ಹತ್ತು ಊರುಗಳಲ್ಲಿ ಕೂತು, ಯಾವ ತೊಂದರೆ ದೊಡ್ಡದು ಎಂದು ಕೇಳಿ ಬರೆದುಕೊಳ್ಳಬೇಕು.

ಎರಡನೆಯದು, ತಂಡದ ಆಯ್ಕೆ ಇಂಗ್ಲಿಷ್ ಮಾತಿನ ಚುರುಕು ನೋಡಿ ಆಗಬಾರದು. ಕೈ ಕೆಲಸ, ತಾಳ್ಮೆ, ಲೆಕ್ಕ ನೋಡಿ ಆಗಬೇಕು. ಕನ್ನಡ ಮಾಧ್ಯಮದಿಂದ ಬಂದವರು ತಂಡದಲ್ಲಿ ಇರಲೇಬೇಕು.

ಮೂರನೆಯದು, ತಂಡಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ. ಚೆಕ್ಕಿಗೆ ಅಧ್ಯಾಪಕರದೊಂದು, ಸಂಘಗಳ ಪ್ರತಿನಿಧಿಯದೊಂದು, ಎರಡು ಸಹಿ. ವರ್ಷದ ಕೊನೆಗೆ ಲೆಕ್ಕಪತ್ರ ಎಲ್ಲ ಸಂಘಗಳ ಸೂಚನಾ ಫಲಕದ ಮೇಲೆ.

ನಾಲ್ಕನೆಯದು, ಸ್ಪರ್ಧೆಗೆ ಇಂಗ್ಲಿಷ್ ವರದಿ ಬರೆಯಲಿ, ನಮಗೆ ಕನ್ನಡದಲ್ಲಿ ಬರೆಯಲಿ. ಪ್ರಯೋಗ ಕೆಟ್ಟಿದ್ದರೆ ಏಕೆ ಕೆಟ್ಟಿತೆಂದೂ ಬರೆಯಲಿ.

ಐದನೆಯದು, ಈ ವರ್ಷದ ತಂಡದ ಇಬ್ಬರು ಮುಂದಿನ ವರ್ಷದ ತಂಡಕ್ಕೆ ಕಲಿಸಲು ನಿಲ್ಲಬೇಕು. ಇಲ್ಲವಾದರೆ ಪ್ರತಿ ವರ್ಷವೂ ಮೊದಲಿನಿಂದ ಉಳುಮೆ.

ಭಯದ ಮಾತು

ವಂಶವಾಹಿ ಎಂದೊಡನೆ ರೈತನಿಗೆ ಅನುಮಾನ ಬರುತ್ತದೆ, ಬರಬೇಕಾದ್ದೇ. ಬಿಟಿ ಹತ್ತಿ 2002ರಲ್ಲಿ ಬಂದಾಗ ಎದ್ದ ವಾದ ಇನ್ನೂ ಮುಗಿದಿಲ್ಲ. ಬಿಟಿ ಬದನೆಯ ವಿಷಯದಲ್ಲಿ ಕೇಂದ್ರದ ಮಂತ್ರಿಗಳು ಊರೂರಲ್ಲಿ ಸಭೆ ಕರೆದು ಜನರ ಮಾತು ಕೇಳಿದರು. 2010ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೂ ಸಭೆ ನಡೆಯಿತು, ಅದೇ ತಿಂಗಳ 9ರಂದು ಬಿಟಿ ಬದನೆಗೆ ತಡೆ ಬಿತ್ತು. ಯಾರು ಸರಿ, ಯಾರು ತಪ್ಪು ಎಂಬ ವಾದ ಇಲ್ಲಿ ಬೇಡ. ಗಮನಿಸಬೇಕಾದ್ದು ಒಂದೇ. ಅಂದು ರೈತನನ್ನು ಕೇಳಿದ್ದು ಬೀಜ ಸಿದ್ಧವಾದ ಮೇಲೆ. ಆಗ ಅವನು ಹೇಳಬಹುದಾದದ್ದು ಬೇಕು ಅಥವಾ ಬೇಡ, ಅಷ್ಟೇ. ಏನು ಮಾಡಬೇಕೆಂದು ಮೊದಲೇ ಕೇಳಿದ್ದರೆ ಮಾತು ಬೇರೆಯೇ ಆಗುತ್ತಿತ್ತೋ ಏನೋ. ವಿದ್ಯಾರ್ಥಿಗಳ ತಂಡದಲ್ಲಿ ಈ ಮೊದಲ ಮಾತಿಗೆ ಅವಕಾಶವಿದೆ.

ಇನ್ನು ಸುರಕ್ಷತೆ. ತಾವು ಬದಲಿಸಿದ ಜೀವಿಗಳನ್ನು ತಂಡಗಳು ಪ್ರಯೋಗಾಲಯದಿಂದ ಹೊರಕ್ಕೆ ಬಿಡುವಂತಿಲ್ಲ ಎಂಬುದು ಸ್ಪರ್ಧೆಯ ನಿಯಮ. ನಮ್ಮ ದೇಶದಲ್ಲೂ 1986ರ ಪರಿಸರ ಸಂರಕ್ಷಣಾ ಕಾಯಿದೆಯ ಕೆಳಗೆ 1989ರಲ್ಲಿ ನಿಯಮಗಳಾಗಿವೆ. ಇಂಥ ಕೆಲಸ ಮಾಡುವ ಸಂಸ್ಥೆಯಲ್ಲಿ ಜೈವಿಕ ಸುರಕ್ಷತಾ ಸಮಿತಿ ಇರಲೇಬೇಕು. ಆದ್ದರಿಂದ ಯಾರ ಹೊಲಕ್ಕೂ ಏನನ್ನೂ ಚೆಲ್ಲುವ ಮಾತೇ ಇಲ್ಲ.

ಮೊದಲ ವರ್ಷಗಳಿಗೆ ಹೊಲಕ್ಕೆ ಬಿಡುವ ಜೀವಿಗಿಂತ, ಪರೀಕ್ಷೆ ಮಾಡಿ ತಿಳಿಸುವ ಸಾಧನಗಳೇ ಒಳ್ಳೆಯ ವಿಷಯ. ಪಾವಗಡ, ಮುಂಡರಗಿ, ಕೋಲಾರದ ಕಡೆ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಹಲ್ಲು, ಮೂಳೆಗೆ ಕೇಡು. ಮಳೆಗೆ ಸಿಕ್ಕಿ ಸರಿಯಾಗಿ ಒಣಗದ ಕಡಲೆಕಾಯಿ, ಮೆಕ್ಕೆಜೋಳಕ್ಕೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಇಂಥದ್ದನ್ನು ಸಂಘದ ಕಟ್ಟೆಯ ಮೇಲೆ, ಕಾಗದದ ಒಂದು ಪಟ್ಟಿಯ ಬಣ್ಣ ನೋಡಿ ತಿಳಿಯುವಂತಾದರೆ ಎಷ್ಟು ಉಪಕಾರ! ಜೀವಕೋಶದ ಒಳಗಿನ ರಸವನ್ನಷ್ಟೇ ತೆಗೆದು, ಕಾಗದದ ಮೇಲೆ ಒಣಗಿಸಿ, ಜೀವಂತ ಸೂಕ್ಷ್ಮಜೀವಿಯೇ ಇಲ್ಲದಂತೆ ಇಂಥ ಪರೀಕ್ಷೆ ಮಾಡುವ ವಿಧಾನವೂ ಈಗ ಬಂದಿದೆ.

ಏನನ್ನು ನಿರೀಕ್ಷಿಸಬಾರದು

ಒಂದು ವರ್ಷದ ತಂಡದಿಂದ ಅಡಿಕೆ ಕೊಳೆಗೆ ಮದ್ದು ಸಿಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಕೆಲವು ತಿಂಗಳ ಪ್ರಯೋಗದಲ್ಲಿ ಹುಟ್ಟುವುದು ಒಂದು ಯೋಚನೆ, ಬಹಳವೆಂದರೆ ಗಾಜಿನ ನಳಿಗೆಯಲ್ಲಿ ಕೆಲಸ ಮಾಡುವ ಒಂದು ನಮೂನೆ. ಅದು ರೈತನ ಕೈಗೆ ಬರಲು ವರ್ಷಗಳೇ ಬೇಕು, ಬಾರದೆಯೂ ಹೋಗಬಹುದು.

ನಮಗೆ ಖಂಡಿತ ದಕ್ಕುವ ಫಸಲು ಬೇರೆ ಇದೆ. ಅದು ಜನ. ಹನ್ನೆರಡು ಹುಡುಗ ಹುಡುಗಿಯರು ಒಂದು ವರ್ಷ ನಮ್ಮ ಊರಿನ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ಹೊಸ ವಿದ್ಯೆ ಕಲಿಯುತ್ತಾರೆ. ಹತ್ತು ವರ್ಷಕ್ಕೆ ನೂರಿಪ್ಪತ್ತು ಜನವಾಯಿತು. ಅವರಲ್ಲಿ ಕೆಲವರು ಹೊರದೇಶ ಸೇರಬಹುದು, ಕೆಲವರು ಕಂಪನಿ ಸೇರಬಹುದು. ಹತ್ತಾರು ಜನ ಇಲ್ಲೇ ಅಧ್ಯಾಪಕರಾಗಿ, ಇಲಾಖೆಯವರಾಗಿ ಉಳಿದರೂ ಸಾಕು, ಮುಂದೆ ಹೊಸ ಬೀಜ, ಹೊಸ ಗೊಬ್ಬರ ಬಂದಾಗ ಅದು ಒಳ್ಳೆಯದೋ ಕೆಟ್ಟದ್ದೋ ಎಂದು ನಮ್ಮ ಭಾಷೆಯಲ್ಲಿ, ನಮ್ಮ ಪರವಾಗಿ ನಿಂತು ಹೇಳಬಲ್ಲವರು ನಮ್ಮಲ್ಲೇ ಇರುತ್ತಾರೆ. ತೆಂಗು ನೆಟ್ಟವನು ಮರುವರ್ಷ ಕಾಯಿ ಕೇಳುವುದಿಲ್ಲ.

ಈಗ ಆಗಬೇಕಾದ್ದು

ಸಹಕಾರ ಸಂಘಗಳ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ ಒಳಗೆ ನಡೆಯುತ್ತದೆ. ಸ್ಪರ್ಧೆಯ ತಂಡ ಕಟ್ಟುವ ಕೆಲಸ ಅದರ ಮುಂದಿನ ಜನವರಿಗೆ ಶುರುವಾಗಬೇಕು. ಎರಡೂ ಒಂದಕ್ಕೊಂದು ಹೊಂದುತ್ತವೆ. ಮಹಾಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಸೇರಿಸುವಂತೆ ಸದಸ್ಯರು ಕಾರ್ಯದರ್ಶಿಗಳಿಗೆ ಮೊದಲೇ ಬರೆದು ಕೊಡಲಿ. ಕೃಷಿ ವಿಶ್ವವಿದ್ಯಾನಿಲಯದ ಒಂದಿಬ್ಬರು ಅಧ್ಯಾಪಕರು ಮುಂದೆ ಬಂದು, ಹೊಣೆ ಹೊರುತ್ತೇವೆ ಎಂದು ಸಂಘಗಳಿಗೆ ಪತ್ರ ಬರೆಯಲಿ. ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಹುಡುಗರು ಹಳ್ಳಿ ತಿರುಗಲಿ. ಆ ಹೊತ್ತಿಗೆ ಸುಗ್ಗಿ, ರೈತರು ಹೊಲದಲ್ಲೇ ಸಿಗುತ್ತಾರೆ.

ಅವರು ಬಂದಾಗ ಎಳನೀರು ಕೊಟ್ಟು ಕಳಿಸಿದರೆ ಸಾಲದು. ರೋಗ ಬಿದ್ದ ಗಿಡದ ಮುಂದೆ ನಿಲ್ಲಿಸಿ, ಯಾವ ವರ್ಷ ಬಂತು, ಯಾವ ಮಳೆಗೆ ಹೆಚ್ಚಿತು, ಏನು ಹೊಡೆದರೂ ಏಕೆ ನಿಲ್ಲಲಿಲ್ಲ ಎಂದು ತಿಳಿದಷ್ಟನ್ನೂ ಹೇಳಿ ಕಳಿಸಬೇಕು. ಸಂಘದ 2,500 ರೂಪಾಯಿಗಿಂತ ಹೆಚ್ಚು ಬೆಲೆಬಾಳುವ ವಂತಿಗೆ ಅದು.